ತಟ್ಟೆಯಲ್ಲಿ ಬೆಳೆಸಿದ ಮಿದುಳಿನ ಚೂರಿಂದ ನಮ್ಮ ಹಳೇ ಕಥೆ ಗೊತ್ತಾಗುತ್ತಾ?

ದಾವಣಗೆರೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪಿಯುಸಿಗೆ ಜೀವಶಾಸ್ತ್ರ ಹೇಳಿಕೊಡುವವನು. ಕಳೆದ ವಾರ ವಿಕಾಸದ ಪಾಠ ನಡೆಯುತ್ತಿತ್ತು. ಚಿಂಪಾಂಜಿಯ ಡಿಎನ್‌ಎ ಪಕ್ಕದಲ್ಲಿ ನಮ್ಮದನ್ನು ಇಟ್ಟು ಹೋಲಿಸಿದರೆ 100 ಅಕ್ಷರಕ್ಕೆ ಹೆಚ್ಚುಕಡಿಮೆ 99 ಒಂದೇ ಇರುತ್ತದೆ ಎಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಅದರ ಮಿದುಳು 400 ಗ್ರಾಂ, ನಮ್ಮದು 1300 ಗ್ರಾಂ ಅಂದ್ರಿ. ಉಳಿದ ಆ ಒಂದು ಅಕ್ಷರದಲ್ಲಿ ಅಂಥದ್ದೇನಿದೆ?" ಎಂದು ಕೇಳಿದಳು.

ಉತ್ತರ ಕೊಡಲು ಹೋಗಿ ತಡವರಿಸಿದೆ. ತಲೆಬುರುಡೆಗಳ ಕಥೆ ನನಗೆ ಗೊತ್ತು. ಇಥಿಯೋಪಿಯಾದಲ್ಲಿ 1974ರಲ್ಲಿ ಸಿಕ್ಕ ಲೂಸಿ ಎಂಬ ಪಳೆಯುಳಿಕೆ ಗೊತ್ತು. ಅವಳ ಪ್ರಭೇದದವರ ಮಿದುಳು ಸುಮಾರು 450 ಸಿಸಿ, ನಮ್ಮದು ಸುಮಾರು 1350 ಸಿಸಿ. ಬುರುಡೆ ದೊಡ್ಡದಾಯಿತು, ಸರಿ. ಒಳಗೆ ಏನಾಯಿತು? ಮಿದುಳು ಬೆಣ್ಣೆಯಂಥ ಮೆತ್ತಗಿನ ವಸ್ತು, ಲಕ್ಷಗಟ್ಟಲೆ ವರ್ಷ ಮಣ್ಣಲ್ಲಿ ಉಳಿಯುವುದಿಲ್ಲ.

ಪ್ರಯೋಗಾಲಯದಲ್ಲಿ ಮನುಷ್ಯರ ಮಿದುಳಿನ ಅಂಗಾಂಶ ಬೆಳೆಸಿ ಇದನ್ನು ಹುಡುಕುತ್ತಿದ್ದಾರೆ ಎಂದು ಎಲ್ಲೋ ಓದಿದೆ. ಆರ್ಗನಾಯ್ಡ್ ಅನ್ನುತ್ತಾರಂತೆ. ಕೈಯಾರೆ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಮಕ್ಕಳಿಗೆ ಅರ್ಧಂಬರ್ಧ ಹೇಳಲು ಮನಸ್ಸಿಲ್ಲ.

ತುಂಗಾತೀರ

ಮೇಷ್ಟ್ರೇ, ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು, ಈಗ ಜರ್ಮನಿಯಲ್ಲಿ ಪೋಸ್ಟ್‌ಡಾಕ್. ಐದು ವರ್ಷದಿಂದ ಇದೇ ನನ್ನ ಕೆಲಸ. ನಿಮ್ಮ ಹುಡುಗಿ ಕೇಳಿದ್ದು ನಮ್ಮ ಲ್ಯಾಬಿನಲ್ಲಿ ನಾವು ದಿನಾ ಕೇಳಿಕೊಳ್ಳುವ ಪ್ರಶ್ನೆ. ಅವಳಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ.

ಮೊದಲು ಅದು ನೋಡೋಕೆ ಹೇಗಿರುತ್ತೆ ಅಂತ ಹೇಳ್ತೀನಿ. ನೆನೆಸಿದ ಸಾಬಕ್ಕಿ ನೋಡಿದ್ದೀರಲ್ವಾ? ಅಂಚು ಸ್ವಲ್ಪ ಪಾರದರ್ಶಕ, ನಡುವೆ ಬಿಳಿ. ಹಾಗೇ ಇರುತ್ತೆ. ತೆಳು ಗುಲಾಬಿ ಬಣ್ಣದ ದ್ರವದಲ್ಲಿ ತೇಲುತ್ತಿರುತ್ತೆ. ಆ ದ್ರವಕ್ಕೆ ನಾವು ಮೀಡಿಯಾ ಅಂತೀವಿ. ಸಕ್ಕರೆ, ಅಮೈನೋ ಆಮ್ಲ, ಲವಣ ಎಲ್ಲ ಅದರಲ್ಲಿ ಇರುತ್ತೆ, ಕೋಶಗಳಿಗೆ ಅದೇ ಊಟ. ಮೊದಲ ವಾರ ಸಾಸಿವೆಗಿಂತ ಚಿಕ್ಕದು. ಒಂದೂವರೆ ತಿಂಗಳಿಗೆ ಹೆಸರುಕಾಳಿನಷ್ಟು. ಅಲ್ಲಿಂದ ಮುಂದೆ ಅಷ್ಟಾಗಿ ದಪ್ಪ ಆಗಲ್ಲ. ರಕ್ತನಾಳ ಇಲ್ಲದ್ದರಿಂದ ನಡುವಿನ ಕೋಶಗಳಿಗೆ ಆಮ್ಲಜನಕ ಸಿಗದೆ ಸಾಯುತ್ತವೆ.

ಮಾಡುವ ಕ್ರಮ ಹೀಗೆ. ಯಾರೋ ಒಬ್ಬರ ಚರ್ಮದ್ದೋ ರಕ್ತದ್ದೋ ಕೋಶ ತಗೋತೀವಿ. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ ಕೋಶದಲ್ಲಿ, 2007ರಲ್ಲಿ ಮನುಷ್ಯರ ಕೋಶದಲ್ಲಿ ಒಂದು ದಾರಿ ತೋರಿಸಿದರು. ನಾಲ್ಕು ಜೀನ್‌ಗಳನ್ನು ಒಳಗೆ ಕಳಿಸಿದರೆ ಬೆಳೆದ ಕೋಶವೂ ತನ್ನ ಕಸುಬು ಮರೆತು ಮತ್ತೆ ಭ್ರೂಣದ ಕೋಶದಂತೆ ಆಗುತ್ತೆ. 2012ರಲ್ಲಿ ಅವರಿಗೆ ನೊಬೆಲ್ ಬಂತು. ಇಂಥ ಕೋಶಗಳನ್ನು ಸಾವಿರಗಟ್ಟಲೆ ಒಟ್ಟಿಗೆ ಉಂಡೆ ಕಟ್ಟಲು ಬಿಡ್ತೀವಿ. ಸರಿಯಾದ ಮೀಡಿಯಾ ಕೊಟ್ಟರೆ ಅವೇ ಮಿದುಳಿನ ಕಡೆ ತಿರುಗಿಕೊಳ್ಳುತ್ತವೆ. ಇಂಥ ಕಡೆ ಇಂಥ ಕೋಶ ಕೂರಬೇಕು ಅಂತ ನಾವ್ಯಾರೂ ಹೇಳಲ್ಲ.

ನನಗೆ ಈಗಲೂ ಉಸಿರು ಬಿಗಿಹಿಡಿಯುವಂತೆ ಆಗೋದು ಜೆಲ್‌ನಲ್ಲಿ ಇಡುವ ದಿನ. ಪ್ಯಾರಾಫಿಲ್ಮ್ ಅನ್ನುವ ಮೇಣದಂಥ ಹಾಳೆಯಲ್ಲಿ ಒತ್ತಿ ಸಣ್ಣ ಗುಳಿ ಮಾಡ್ತೀವಿ. ಪೈಪೆಟ್ಟಿನ ತುದಿ ಕತ್ತರಿಸಿ ಅಗಲ ಮಾಡ್ಕೋಬೇಕು, ಇಲ್ಲಾಂದ್ರೆ ಉಂಡೆ ಹರಿದುಹೋಗುತ್ತೆ. ಒಂದೊಂದನ್ನೇ ಎತ್ತಿ ಗುಳಿಗೆ ಬಿಟ್ಟು, ಮೇಲೊಂದು ಹನಿ ಜೆಲ್. ಆ ಜೆಲ್ ಮಂಜುಗಡ್ಡೆಯ ಮೇಲಿದ್ದಾಗ ನೀರಾಗಿರುತ್ತೆ, ಬೆಚ್ಚಗಾದ ಕೂಡಲೇ ಗಟ್ಟಿ. ಸ್ವಲ್ಪ ತಡ ಮಾಡಿದರೂ ಕೆಟ್ಟಿತು. ಆಮೇಲೆ 37 ಡಿಗ್ರಿಯ ಇನ್‌ಕ್ಯುಬೇಟರ್ ಒಳಗೆ, ಮೆಲ್ಲಗೆ ಸುತ್ತುವ ಶೇಕರ್ ಮೇಲೆ. ಕೆಲವು ದಿನ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಂಡೆಯ ಸುತ್ತ ಮೊಗ್ಗುಗಳು ಎದ್ದಿರುತ್ತವೆ. ಒಂದೊಂದು ಮೊಗ್ಗಿನೊಳಗೂ ಸಣ್ಣ ಟೊಳ್ಳು, ಅದರ ಸುತ್ತ ಕೋಶಗಳು ಸಾಲಾಗಿ ನಿಂತಿರುತ್ತವೆ. ತಾಯಿ ಹೊಟ್ಟೆಯಲ್ಲಿ ಮಿದುಳು ಶುರುವಾಗೋದೂ ಹೀಗೇ.

ಈ ವಿಧಾನವನ್ನು 2013ರಲ್ಲಿ ಪ್ರಕಟಿಸಿದ್ದು ವಿಯೆನ್ನಾದ ಯೂರ್ಗೆನ್ ಕ್ನೋಬ್ಲಿಕ್ ಅವರ ಲ್ಯಾಬ್. ಕೈಯಾರೆ ಬೆಳೆಸಿದವರು ಮ್ಯಾಡೆಲಿನ್ ಲ್ಯಾಂಕಾಸ್ಟರ್, ಈಗ ಕೇಂಬ್ರಿಜ್‌ನಲ್ಲಿದ್ದಾರೆ. ಅದಕ್ಕೂ ಮೊದಲೇ ಜಪಾನಿನ ಯೋಶಿಕಿ ಸಸಾಯ್ ಅವರ ತಂಡ ಕೋಶಗಳನ್ನು ಸುಮ್ನೆ ತೇಲಲು ಬಿಟ್ಟರೆ ಮಿದುಳಿನ ಪದರ ತಾನಾಗಿ ಕಟ್ಟಿಕೊಳ್ಳುತ್ತದೆ ಎಂದು ತೋರಿಸಿತ್ತು.

ವಿಕಾಸದ ಭಾಗ ನಾಳೆ ಬರೀತೀನಿ. ಇವತ್ತು ಭಾನುವಾರ, ಆದರೂ ಲ್ಯಾಬಿಗೆ ಹೋಗಿ ಮೀಡಿಯಾ ಬದಲಿಸಬೇಕು.

ರಾಗಿಮುದ್ದೆ ಪ್ರಿಯ

ಅಕ್ಕ, ಓದಿ ಮೈ ಜುಮ್ಮಂತು. ಆದ್ರೆ ಒಂದು ಭಯ. ಅದು ಮಿದುಳು ಅಂದ್ಮೇಲೆ ಅದಕ್ಕೆ ನೋವಾಗಲ್ವಾ? ಏನಾದ್ರೂ ಯೋಚನೆ ಮಾಡುತ್ತಾ?

ತುಂಗಾತೀರ

ಕೇಳಲೇಬೇಕಾದ ಪ್ರಶ್ನೆ ಇದು. ನಮ್ಮ ಮಿದುಳಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಹೆಸರುಕಾಳಿನಷ್ಟು ಉಂಡೆಯಲ್ಲಿ ಒಟ್ಟು ಕೋಶಗಳೇ ಕೆಲವು ಲಕ್ಷ, ಜಾಸ್ತಿ ಅಂದ್ರೆ ಇಪ್ಪತ್ತು ಮೂವತ್ತು ಲಕ್ಷ. ಕಣ್ಣಿಲ್ಲ, ಚರ್ಮವಿಲ್ಲ, ನೋವು ತರುವ ನರವಿಲ್ಲ. ಹೊರಗಿಂದ ಅದಕ್ಕೆ ಏನೂ ಬರಲ್ಲ. ತಿಂಗಳುಗಟ್ಟಲೆ ಬೆಳೆಸಿದರೆ ಕೋಶಗಳ ನಡುವೆ ವಿದ್ಯುತ್ ಸಂಕೇತ ಓಡಾಡುತ್ತೆ, ಅದು ನಿಜ. ಅದನ್ನು ಯೋಚನೆ ಅನ್ನಲು ಈಗ ಯಾವ ಆಧಾರವೂ ಇಲ್ಲ. ಆದರೆ ಇವು ಇನ್ನೂ ದೊಡ್ಡದಾಗಿ, ಬೇರೆ ಬೇರೆ ಭಾಗಗಳನ್ನು ಜೋಡಿಸಿ ಬೆಳೆಸುವ ಕೆಲಸ ನಡೀತಿದೆ. ಸ್ಟ್ಯಾನ್‌ಫರ್ಡ್‌ನ ಸೆರ್ಜಿಯು ಪಾಸ್ಕಾ ಅವರ ತಂಡ 2022ರಲ್ಲಿ ಮನುಷ್ಯರ ಆರ್ಗನಾಯ್ಡನ್ನು ಇಲಿಮರಿಯ ಮಿದುಳಿಗೆ ಕಸಿ ಮಾಡಿತು. ಅಂಥ ಕಡೆ ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಲ್ಯಾಬಿನವರು ಮಾತ್ರ ಕೂತು ತೀರ್ಮಾನಿಸಬಾರದು. ನಿಮ್ಮಂಥವರು ಕೇಳ್ತಾನೇ ಇರಬೇಕು.

ಲೆಕ್ಕದವನು, ಮೈಸೂರು

ವಿಧಾನ ಗೊತ್ತಾಯಿತು. ಇದರಿಂದ ವಿಕಾಸ ಹೇಗೆ ಗೊತ್ತಾಗುತ್ತದೆ? ಇಂದಿನ ಮನುಷ್ಯನ ಕೋಶ ಬೆಳೆಸಿದರೆ ಇಂದಿನ ಮನುಷ್ಯನ ಮಿದುಳೇ ತಾನೇ ಸಿಗುವುದು?

ತುಂಗಾತೀರ

ಹೌದು, ಒಬ್ಬರದ್ದೇ ಬೆಳೆಸಿದರೆ ಏನೂ ಗೊತ್ತಾಗಲ್ಲ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಬೆಳೆಸಬೇಕು.

ಚಿಂಪಾಂಜಿಯ ಭ್ರೂಣ ಯಾರಿಗೂ ಸಿಗಲ್ಲ, ಸಿಗಲೂಬಾರದು. ಆದರೆ ಅದರ ರಕ್ತದ್ದೋ ಚರ್ಮದ್ದೋ ಕೋಶ ಪ್ರಾಣಿಗೆ ತೊಂದರೆಯಿಲ್ಲದೆ ಸಿಗುತ್ತೆ. ಯಮನಾಕಾ ದಾರಿ ಹಿಡಿದು ಅದರಿಂದಲೂ ಮಿದುಳಿನ ಉಂಡೆ ಬೆಳೆಸಬಹುದು. ಗೊರಿಲ್ಲಾದ್ದೂ ಹಾಗೇ. ನಮ್ಮ ಮತ್ತು ಚಿಂಪಾಂಜಿಯ ದಾರಿ ಕವಲೊಡೆದು ಆರೇಳು ದಶಲಕ್ಷ ವರ್ಷ ಆಗಿದೆ. ಈ ಎರಡು ಕವಲನ್ನು ಒಂದೇ ಇನ್‌ಕ್ಯುಬೇಟರಿನ ಒಂದೇ ಶೆಲ್ಫಿನಲ್ಲಿ, ಒಂದೇ ಮೀಡಿಯಾ ಕೊಟ್ಟು, ಮೊದಲ ದಿನದಿಂದ ನೋಡಬಹುದು. ಪಳೆಯುಳಿಕೆಯಲ್ಲಿ ಇದು ಯಾವತ್ತೂ ಆಗದ ಕೆಲಸ.

ನನಗೆ ತುಂಬ ಇಷ್ಟದ ಪ್ರಯೋಗ ಲ್ಯಾಂಕಾಸ್ಟರ್ ಅವರ ಗುಂಪು 2021ರಲ್ಲಿ ಪ್ರಕಟಿಸಿದ್ದು. ಮನುಷ್ಯ, ಚಿಂಪಾಂಜಿ, ಗೊರಿಲ್ಲಾ ಮೂರನ್ನೂ ಬೆಳೆಸಿದರು. ಐದು ವಾರದ ಹೊತ್ತಿಗೆ ಮನುಷ್ಯರ ಉಂಡೆ ಉಳಿದವಕ್ಕಿಂತ ಸುಮಾರು ಎರಡರಷ್ಟು ದೊಡ್ಡದು. ಯಾಕೆ ಅಂತ ಹಿಂದಕ್ಕೆ ಹೋಗಿ ಹುಡುಕಿದರು. ವ್ಯತ್ಯಾಸ ಶುರುವಾಗಿದ್ದು ನರಕೋಶ ಹುಟ್ಟುವುದಕ್ಕೂ ಮೊದಲೇ.

ಆಗ ಉಂಡೆಯಲ್ಲಿರೋದು ತಾಯಿಕೋಶಗಳು. ಮೊದಲು ಅವು ಗಿಡ್ಡಗೆ ದಪ್ಪಗೆ ಕಂಬದ ಹಾಗೆ ನಿಂತು, ಒಂದು ಎರಡಾಗಿ, ಎರಡು ನಾಲ್ಕಾಗಿ ಬೇಗ ಬೇಗ ಹೆಚ್ಚುತ್ತವೆ. ಆಮೇಲೆ ತೆಳ್ಳಗೆ ಉದ್ದಕ್ಕೆ ಆಗುತ್ತವೆ. ಆ ಆಕಾರಕ್ಕೆ ಬಂದ ಮೇಲೆ ಹೆಚ್ಚುವ ವೇಗ ಕಡಿಮೆ, ನರಕೋಶ ಹುಟ್ಟಿಸುವ ಕೆಲಸ ಶುರು. ಈ ಬದಲಾವಣೆ ಇಲಿಯಲ್ಲಿ ಕೆಲವೇ ಗಂಟೆಯಲ್ಲಿ ಮುಗಿಯುತ್ತೆ. ಚಿಂಪಾಂಜಿ, ಗೊರಿಲ್ಲಾದಲ್ಲಿ ಸುಮಾರು ಐದು ದಿನ. ಮನುಷ್ಯರಲ್ಲಿ ಸುಮಾರು ಏಳು ದಿನ.

ಎರಡು ದಿನ ಅಷ್ಟೇ ಮೇಷ್ಟ್ರೇ. ಆ ಎರಡು ದಿನ ತಾಯಿಕೋಶಗಳು ಇನ್ನೂ ಹೆಚ್ಚುತ್ತಾ ಇರ್ತವೆ. ಆಗ ಬಂಡವಾಳ ಜಾಸ್ತಿಯಾಗುತ್ತೆ, ಆಮೇಲೆ ಫಲವೂ ಜಾಸ್ತಿ. ಜೆಬ್2 ಅನ್ನುವ ಜೀನ್ ಈ ಬದಲಾವಣೆಗೆ ಚಾಲನೆ ಕೊಡುತ್ತೆ. ಗೊರಿಲ್ಲಾ ಉಂಡೆಯಲ್ಲಿ ಅದು ಬೇಗ ಎದ್ದೇಳುತ್ತೆ. ಗೊರಿಲ್ಲಾದಲ್ಲಿ ಅದನ್ನು ತಡ ಮಾಡಿಸಿದಾಗ ಉಂಡೆ ಮನುಷ್ಯರದ್ದರ ಹಾಗೆ ಬೆಳೀತು. ಮನುಷ್ಯರದ್ದರಲ್ಲಿ ಬೇಗ ಎಬ್ಬಿಸಿದಾಗ ವಾನರರದ್ದರ ಹಾಗಾಯಿತು. ಆ ಚಿತ್ರಗಳನ್ನು ಮೊದಲ ಸಲ ನೋಡಿದ ದಿನ ನನಗೆ ಮನೆಗೆ ಹೋಗೋಕೇ ಮನಸ್ಸಾಗಲಿಲ್ಲ.

ಹುಬ್ಬಳ್ಳಿ ಡಾಕ್ಟರ್

ನಾನು ಮಕ್ಕಳ ನರರೋಗ ನೋಡುವವನು. ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ.

2013ರ ಆ ಮೊದಲ ಪ್ರಬಂಧದಲ್ಲೇ ಒಂದು ಕಾಯಿಲೆಯ ಕಥೆ ಇತ್ತು. ಮೈಕ್ರೋಸೆಫಲಿ, ಅಂದರೆ ತಲೆ ಹುಟ್ಟಿನಿಂದಲೇ ತುಂಬ ಚಿಕ್ಕದಿರುವುದು. ಸಿಡಿಕೆ5ಆರ್‌ಎಪಿ2 ಎಂಬ ಜೀನ್ ಕೆಟ್ಟಿದ್ದ ಒಬ್ಬ ರೋಗಿಯ ಚರ್ಮದಿಂದ ಆರ್ಗನಾಯ್ಡ್ ಬೆಳೆಸಿದರು. ಅದೂ ಚಿಕ್ಕದಾಗಿಯೇ ಬೆಳೆಯಿತು. ಕಾರಣ, ತಾಯಿಕೋಶಗಳು ಸಾಕಷ್ಟು ಹೆಚ್ಚುವ ಮೊದಲೇ ನರಕೋಶಗಳಾಗಿಬಿಟ್ಟಿದ್ದವು. ಮೂಲಧನ ಬೇಗ ಕರಗಿತು. ಇಲಿಯಲ್ಲಿ ಇದೇ ಜೀನ್ ಕೆಡಿಸಿದರೆ ರೋಗಿಗಳಲ್ಲಿ ಕಾಣುವಷ್ಟು ತೀವ್ರವಾದ ಪರಿಣಾಮ ಬರುವುದಿಲ್ಲ, ಹಾಗಾಗಿ ಮನುಷ್ಯರ ಅಂಗಾಂಶವೇ ಬೇಕಾಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಿ. ವಿಕಾಸದಲ್ಲಿ ನಮ್ಮ ಮಿದುಳು ದೊಡ್ಡದಾದದ್ದು ತಾಯಿಕೋಶ ತಡ ಮಾಡಿದ್ದರಿಂದ. ನನ್ನ ಬಳಿ ಬರುವ ಕೆಲವು ಮಕ್ಕಳ ತಲೆ ಚಿಕ್ಕದಾದದ್ದು ಅದೇ ತಾಯಿಕೋಶ ಅವಸರ ಮಾಡಿದ್ದರಿಂದ. ಇಪ್ಪತ್ತು ವರ್ಷದಿಂದ ಟೇಪು ಹಿಡಿದು ಮಕ್ಕಳ ತಲೆ ಸುತ್ತಳತೆ ಅಳೆಯುತ್ತಾ ಬಂದಿದ್ದೇನೆ. ಇದನ್ನು ಓದಿದ ಮೇಲೆ ಆ ಟೇಪಿನ ಅಳತೆಯೇ ನನಗೆ ಬೇರೆಯಾಗಿ ಕಂಡಿತು.

ಇನ್ನೊಂದು ಉದಾಹರಣೆ ನಾಚ್2ಎನ್‌ಎಲ್ ಜೀನ್‌ಗಳು. ಹಳೆಯ ಜೀನಿನ ನಕಲು ಪ್ರತಿಗಳು ಇವು, ಮನುಷ್ಯರಲ್ಲಿ ಮಾತ್ರ ಕೆಲಸ ಮಾಡುತ್ತವೆ. ಮೂರು ನಾಲ್ಕು ದಶಲಕ್ಷ ವರ್ಷದ ಹಿಂದೆ ಬಂದವು. 2018ರಲ್ಲಿ ಸಾಂತಾಕ್ರೂಝ್‌ನ ಡೇವಿಡ್ ಹಾಸ್ಲರ್ ಮತ್ತು ಬ್ರಸೆಲ್ಸ್‌ನ ಪಿಯರ್ ವಾಂಡರ್‌ಹೇಗನ್ ಅವರ ತಂಡಗಳು ಬೇರೆ ಬೇರೆಯಾಗಿ ಒಂದೇ ವಿಷಯಕ್ಕೆ ಬಂದವು. ಇವು ತಾಯಿಕೋಶವನ್ನು ತಾಯಿಕೋಶವಾಗಿಯೇ ಇನ್ನಷ್ಟು ಹೊತ್ತು ಉಳಿಸುತ್ತವೆ. ಇವು ಇರುವುದು 1ನೇ ಕ್ರೋಮೋಸೋಮಿನಲ್ಲಿ, 1ಕ್ಯೂ21.1 ಎಂದು ಹೆಸರಿಟ್ಟ ಜಾಗದಲ್ಲಿ. ಆ ಜಾಗದ ತುಂಡು ಬಿಟ್ಟುಹೋದರೆ ತಲೆ ಚಿಕ್ಕದು, ಎರಡು ಸಲ ಬಂದರೆ ದೊಡ್ಡದು. ಆಟಿಸಂ, ಸ್ಕಿಜೋಫ್ರೀನಿಯಾ ಜತೆಗೂ ಆ ಜಾಗಕ್ಕೆ ನಂಟಿದೆ. ನಮಗೆ ದೊಡ್ಡ ಮಿದುಳು ಕೊಟ್ಟ ಜಾಗವೇ ಸುಲಭವಾಗಿ ಹರಿದುಹೋಗುವ ಜಾಗವೂ ಹೌದು.

ಲೆಕ್ಕದವನು, ಮೈಸೂರು

ಮನಸ್ಸಿಗೆ ಹಿಡಿಸುವ ವಿವರಣೆ. ಆದರೂ ಕೇಳಲೇಬೇಕು. ಒಂದು ಬ್ಯಾಚಿಗೂ ಇನ್ನೊಂದಕ್ಕೂ ವ್ಯತ್ಯಾಸ ಎಷ್ಟು? ನನ್ನ ಕೆಲಸ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವುದು. ಒಂದೇ ಅಚ್ಚಿನಿಂದ ಬಂದ ಭಾಗಗಳೇ ಒಂದಕ್ಕೊಂದು ಹೊಂದುವುದಿಲ್ಲ. ಜೀವ ಇರುವ ಉಂಡೆ ಹೊಂದುತ್ತದೆಯೇ?

ತುಂಗಾತೀರ

ಹೊಂದಲ್ಲ. ಅದೇ ನಮ್ಮ ದೊಡ್ಡ ತಲೆನೋವು. ಅದೇ ಕೋಶ, ಅದೇ ಮೀಡಿಯಾ, ಅದೇ ದಿನ ಕಟ್ಟಿದ ಉಂಡೆಗಳಲ್ಲೇ ಒಂದರಲ್ಲಿ ಚೆಂದದ ಮೊಗ್ಗು, ಇನ್ನೊಂದರಲ್ಲಿ ಏನೂ ಇಲ್ಲ. ಕಳೆದ ಚಳಿಗಾಲದಲ್ಲಿ ನನ್ನ ನಾಲ್ಕು ತಿಂಗಳ ಉಂಡೆಗಳಿಗೆ ಒಂದು ರಾತ್ರಿಯಲ್ಲಿ ಬೂಸ್ಟು ಹತ್ತಿತು. ಬೆಳಗ್ಗೆ ಬಂದು ನೋಡಿದರೆ ಮೀಡಿಯಾ ಕದಡಿ ಹಳದಿ ತಿರುಗಿತ್ತು. ಎಲ್ಲ ಚೆಲ್ಲಬೇಕಾಯಿತು. ಅವತ್ತು ಅಮ್ಮನಿಗೆ ಫೋನ್ ಮಾಡಿ ಅತ್ತುಬಿಟ್ಟೆ.

ಸ್ಯಾನ್‌ಫ್ರಾನ್ಸಿಸ್ಕೋದ ಆರ್ನಾಲ್ಡ್ ಕ್ರೀಗ್‌ಸ್ಟೀನ್ ಲ್ಯಾಬಿನಿಂದ 2020ರಲ್ಲಿ ಒಂದು ಗಟ್ಟಿ ಟೀಕೆ ಬಂತು. ನಿಜವಾದ ಭ್ರೂಣದ ಮಿದುಳಿಗೆ ಹೋಲಿಸಿದರೆ ಆರ್ಗನಾಯ್ಡಿನ ಕೋಶಗಳು ಒಂದು ಥರದ ಒತ್ತಡದಲ್ಲಿರುತ್ತವೆ, ಅದರಿಂದ ತಮ್ಮ ನಿಖರವಾದ ಗುರುತು ಪಡೆಯೋದೇ ಇಲ್ಲ ಅಂತ. ನಾವು ಅದನ್ನು ತಲೆಬಾಗಿ ಒಪ್ಪಬೇಕು. ಆದ್ದರಿಂದ ಹಲವರ ಕೋಶ, ಹಲವು ಬ್ಯಾಚು, ಬೇರೆ ಲ್ಯಾಬಿನಲ್ಲೂ ಅದೇ ಫಲ ಬರಬೇಕು. ಆಮೇಲೇ ನಂಬೋದು.

ರಾಗಿಮುದ್ದೆ ಪ್ರಿಯ

ಅಕ್ಕ, ನಿಯಾಂಡರ್ತಾಲ್ ಮಿದುಳು ಬೆಳೆಸಿದಾರೆ ಅಂತ ಯಾರೋ ವಿಡಿಯೋ ಕಳಿಸಿದ್ರು. ನಿಜಾನಾ?

ತುಂಗಾತೀರ

ವಿಡಿಯೋದವರು ತುಂಬ ಉಬ್ಬಿಸಿ ಹೇಳಿದ್ದಾರೆ. ಪೂರ್ತಿ ನಿಯಾಂಡರ್ತಾಲ್ ಮಿದುಳನ್ನು ಯಾರೂ ಬೆಳೆಸಿಲ್ಲ. ಅವರು ನಮ್ಮ ಹತ್ತಿರದ ದಾಯಾದಿ ಮನುಷ್ಯರು, ಅಳಿದುಹೋಗಿ ಸುಮಾರು 40,000 ವರ್ಷ ಆಯಿತು, ಜೀವಂತ ಕೋಶ ಇಲ್ಲ. ಆದರೆ ಸ್ವಾಂಟೆ ಪಾಬೋ ಅವರ ತಂಡ ಮೂಳೆಯಿಂದ ಡಿಎನ್‌ಎ ತೆಗೆದು 2010ರಲ್ಲಿ ಅವರ ಜೀನೋಮಿನ, ಅಂದ್ರೆ ಇಡೀ ಡಿಎನ್‌ಎಯ, ಕರಡು ಓದಿತು. ಪಾಬೋಗೆ 2022ರಲ್ಲಿ ನೊಬೆಲ್ ಬಂತು. ಆ ಓದಿನಿಂದ ನಮಗೂ ಅವರಿಗೂ ಎಲ್ಲಿ ಅಕ್ಷರ ಬೇರೆ ಅಂತ ಗೊತ್ತು. ಈಗ ಕ್ರಿಸ್ಪರ್ ಅನ್ನುವ, ಡಿಎನ್‌ಎ ಕತ್ತರಿಸಿ ತಿದ್ದುವ ಸಾಧನ ಹಿಡಿದು ಇಂದಿನ ಮನುಷ್ಯರ ಕೋಶದಲ್ಲಿ ಒಂದೇ ಒಂದು ಅಕ್ಷರವನ್ನು ಹಳೆಯದಕ್ಕೆ ತಿರುಗಿಸಿ ಉಂಡೆ ಬೆಳೆಸಬಹುದು. ಮಾಡ್ತಿರೋದು ಇಷ್ಟು.

ಇಲ್ಲಿ ನಡೆದ ಎರಡು ಜಗಳ ಹೇಳಲೇಬೇಕು, ಲೆಕ್ಕದವರಿಗೆ ಖಂಡಿತ ಬೇಕಾಗುತ್ತೆ.

ಒಂದು, ಸ್ಯಾನ್ ಡಿಯಾಗೋದ ಆಲಿಸನ್ ಮುವೋಟ್ರಿ ತಂಡ 2021ರಲ್ಲಿ ನೋವಾ1 ಜೀನನ್ನು ಹಳೆಯ ರೂಪಕ್ಕೆ ತಿರುಗಿಸಿತು. ಉಂಡೆಗಳು ಚಿಕ್ಕದಾಗಿ, ಮೇಲ್ಮೈ ಉಬ್ಬುತಗ್ಗಾಗಿ ಬೆಳೆದವು ಅಂತ ಪ್ರಕಟಿಸಿತು. ಲೋಕವೆಲ್ಲ ಸುದ್ದಿ. ಅದೇ ವರ್ಷ ಬೇರೆ ವಿಜ್ಞಾನಿಗಳು, ಪಾಬೋ ಅವರ ಸಂಗಡಿಗರೂ ಸೇರಿ, ತಡೆದರು. ಕ್ರಿಸ್ಪರ್ ಕತ್ತರಿ ಹಾಕಿದಾಗ ಜೀನಿನ ಒಂದು ಪ್ರತಿಯೇ ಬಿದ್ದುಹೋಗಿರಬಹುದು, ನೀವು ಕಂಡದ್ದು ಆ ಪೆಟ್ಟಿನ ಫಲ ಇರಬಹುದು ಎಂದರು. ಮುವೋಟ್ರಿ ತಂಡ ಒಪ್ಪದೆ ಉತ್ತರ ಕೊಟ್ಟಿತು.

ಇನ್ನೊಂದು, ಡ್ರೆಸ್ಡೆನ್ನಿನ ವೀಲಾಂಡ್ ಹುಟ್ನರ್ ತಂಡದ್ದು. ಟಿಕೆಟಿಎಲ್1 ಪ್ರೋಟೀನಿನಲ್ಲಿ ನಿಯಾಂಡರ್ತಾಲರಿಗೆ ಲೈಸಿನ್ ಅನ್ನುವ ಅಮೈನೋ ಆಮ್ಲ ಇದ್ದ ಜಾಗದಲ್ಲಿ ನಮಗೆ ಆರ್ಜಿನೈನ್ ಅನ್ನುವ ಇನ್ನೊಂದು ಇದೆ. ಅದರಿಂದ ಹಣೆಯ ಹಿಂದಿನ ಭಾಗದಲ್ಲಿ ನಮಗೆ ನರಕೋಶ ಜಾಸ್ತಿ ಹುಟ್ಟಿರಬೇಕು ಎಂದು 2022ರಲ್ಲಿ ಬರೆದರು. 2023ರಲ್ಲಿ ಉತ್ತರ ಬಂತು. ಇಂದು ಬದುಕಿರುವ ಕೆಲವರಲ್ಲೂ ಆ ಹಳೆಯ ರೂಪ ಇದೆ, ಅವರು ನಮ್ಮ ನಿಮ್ಮಂತೆಯೇ ಇದ್ದಾರೆ ಎಂದು. ಈ ಸಲ ಪ್ರಶ್ನೆ ಕೇಳಿದವರಲ್ಲಿ ಮುವೋಟ್ರಿಯವರೂ ಇದ್ದರು.

ನನ್ನ ಅಭಿಪ್ರಾಯ ಕೇಳಿದರೆ, ಒಂದು ಅಕ್ಷರ ನಮ್ಮನ್ನು ಮನುಷ್ಯರನ್ನಾಗಿ ಮಾಡಿತು ಅನ್ನುವ ಯಾವ ಸುದ್ದಿಯನ್ನೂ ಮೊದಲ ದಿನವೇ ನಂಬಬೇಡಿ. ಹಾಗಂತ ದಾರಿಯೇ ತಪ್ಪು ಅಂತ ಅಲ್ಲ. ಅದೇ 2022ರಲ್ಲಿ ಡ್ರೆಸ್ಡೆನ್ ಮತ್ತು ಲೈಪ್ಸಿಗ್‌ನವರು ಮೂರು ಜೀನ್‌ಗಳ ಆರು ಅಕ್ಷರ ಬದಲಾವಣೆ ನೋಡಿದರು. ನಮ್ಮ ತಾಯಿಕೋಶಗಳು ಒಡೆದು ಎರಡಾಗುವ ಮುಂಚೆ ಕ್ರೋಮೋಸೋಮುಗಳನ್ನು ಸಾಲಾಗಿ ನಿಲ್ಲಿಸಿಕೊಳ್ಳಲು ಜಾಸ್ತಿ ಹೊತ್ತು ತಗೋತವೆ, ಹಾಗಾಗಿ ಹಂಚುವಾಗ ತಪ್ಪು ಕಡಿಮೆ. ನಿಯಾಂಡರ್ತಾಲ್ ರೂಪ ಹಾಕಿದರೆ ಆ ಹೊತ್ತು ಕಡಿಮೆಯಾಗಿ ತಪ್ಪು ಜಾಸ್ತಿಯಾಗುತ್ತೆ, ಚಿಂಪಾಂಜಿಯ ಹಾಗೆ. ಇಲ್ಲೂ ಮತ್ತೆ ಅದೇ ನೋಡಿ, ತಡ.

ಹುಬ್ಬಳ್ಳಿ ಡಾಕ್ಟರ್

ನಿಯಾಂಡರ್ತಾಲ್ ಮಾತು ಬಂತು, ಅದಕ್ಕೆ ಹೇಳುತ್ತೇನೆ. ಅವರ ಡಿಎನ್‌ಎ ನಮ್ಮೊಳಗೂ ಶೇ. 1ರಿಂದ 2ರಷ್ಟು ಇದೆ. ಕೊರೊನಾ ತೀವ್ರವಾಗುವುದಕ್ಕೆ ನಂಟಿರುವ 3ನೇ ಕ್ರೋಮೋಸೋಮಿನ ಒಂದು ತುಂಡು ಅವರಿಂದಲೇ ಬಂದದ್ದು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಹೊತ್ತಿದ್ದಾರೆ ಎಂದು 2020ರಲ್ಲಿ ಗೊತ್ತಾಯಿತು.

ಇದನ್ನು ಹಿಡಿದು ಇಂಥ ಜನ ಜಾಣರು, ಇಂಥವರು ದಡ್ಡರು ಎನ್ನುವವರು ಬರುತ್ತಾರೆ. 2005ರಲ್ಲಿ, ಕೆಟ್ಟರೆ ತಲೆ ಚಿಕ್ಕದಾಗುವ ಎಎಸ್‌ಪಿಎಂ ಮತ್ತು ಮೈಕ್ರೋಸೆಫಾಲಿನ್ ಜೀನ್‌ಗಳ ವಿಷಯದಲ್ಲಿ ಹೀಗೇ ಆಯಿತು. ಇವುಗಳ ಹೊಸ ರೂಪ ಕೆಲವು ಖಂಡಗಳಲ್ಲಿ ಜಾಸ್ತಿ ಎಂದು ಪ್ರಬಂಧ ಬಂದದ್ದೇ ತಡ, ಜನಾಂಗದ ಮಾತು ಎದ್ದಿತು. ಆಮೇಲೆ ಅಳೆದು ನೋಡಿದವರಿಗೆ ಆ ರೂಪಗಳಿಗೂ ಬುದ್ಧಿಗೂ ಮಿದುಳಿನ ಗಾತ್ರಕ್ಕೂ ನಂಟು ಕಾಣಲಿಲ್ಲ. ಮೇಷ್ಟ್ರು ಕ್ಲಾಸಿನಲ್ಲಿ ಇದನ್ನು ಹೇಳಲೇಬೇಕು ಎಂದು ನನ್ನ ವಿನಂತಿ.

ಅಮ್ಮ, ಚಿಕ್ಕಬಳ್ಳಾಪುರ

ನಾನು ಇಲ್ಲಿ ಬರೆಯುವವಳಲ್ಲ, ಓದುವವಳು. ಇವತ್ತು ಬರೀಬೇಕು ಅನ್ನಿಸಿತು.

ನನ್ನ ಮಗನಿಗೆ ಈಗ 11 ವರ್ಷ. ಹುಟ್ಟಿದಾಗಲೇ ತಲೆ ಚಿಕ್ಕದಿತ್ತು. ನಡೀತಾನೆ, ನಗ್ತಾನೆ, ಹಾಡು ಹಾಕಿದರೆ ಚಪ್ಪಾಳೆ ತಟ್ತಾನೆ, ಮಾತು ಕೆಲವೇ ಕೆಲವು. ಅವನು ಹುಟ್ಟಿದಾಗ ಮನೆಯಲ್ಲಿ ಎಲ್ಲರೂ ನನ್ನನ್ನೇ ಕೇಳಿದರು. ಗ್ರಹಣದ ದಿನ ಹೊರಗೆ ಬಂದಿದ್ಯಾ? ಪರಂಗಿ ಹಣ್ಣು ತಿಂದ್ಯಾ? ನಾವು ತೋರಿಸಿದ ಒಂದು ದೊಡ್ಡ ಆಸ್ಪತ್ರೆಯಲ್ಲೂ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಹಣೆಬರಹ ಅಂದರು, ಮುಂದಿನ ಪೇಷಂಟ್ ಕರೆದರು. ನಾನು ಮದುವೆಯಾಗಿದ್ದು ಸೋದರಮಾವನನ್ನು. ಅದರ ಬಗ್ಗೆಯೂ ಯಾರೂ ಕೇಳಲಿಲ್ಲ.

ಡಾಕ್ಟ್ರೇ, ಕೋಶ ಅವಸರ ಮಾಡಿತು ಅಂತ ಬರೆದಿದ್ದೀರಿ. ಅದು ಯಾವಾಗ ಆಗುತ್ತೆ? ನಾನು ಏನಾದರೂ ಮಾಡಿದ್ದರಿಂದ ಆಗುತ್ತಾ?

ಹುಬ್ಬಳ್ಳಿ ಡಾಕ್ಟರ್

ಅಮ್ಮಾ, ಜೀನ್ ಕಾರಣ ಆಗಿದ್ದರೆ, ಇಲ್ಲ. ನೀವು ಏನೂ ಮಾಡಿದ್ದರಿಂದ ಆಗುವುದಿಲ್ಲ. ಗ್ರಹಣದಿಂದಲೂ ಅಲ್ಲ, ಪರಂಗಿ ಹಣ್ಣಿನಿಂದಲೂ ಅಲ್ಲ. ಆರ್ಗನಾಯ್ಡ್ ಅದನ್ನೇ ಕಣ್ಣೆದುರು ತೋರಿಸಿತು. ಅಲ್ಲಿ ತಾಯಿಯೇ ಇಲ್ಲ. ಗರ್ಭವಿಲ್ಲ, ಊಟವಿಲ್ಲ, ಗ್ರಹಣವಿಲ್ಲ. ಆ ರೋಗಿಯ ಚರ್ಮದ ಕೋಶವನ್ನು ತಟ್ಟೆಯಲ್ಲಿ ಬೆಳೆಸಿದಾಗಲೂ ಅದೇ ಅವಸರ, ಅದೇ ಚಿಕ್ಕ ಉಂಡೆ.

ಆಗುವುದು ಯಾವಾಗ ಎಂದರೆ, ತಾಯಿಕೋಶಗಳು ಹೆಚ್ಚಬೇಕಾದ ಮೊದಲ ಕೆಲವು ವಾರಗಳಲ್ಲೇ ದಾರಿ ತಪ್ಪುವುದು ಶುರುವಾಗುತ್ತದೆ. ಎಷ್ಟೋ ಹೆಂಗಸರಿಗೆ ಬಸಿರು ನಿಂತದ್ದು ಆಗಷ್ಟೇ ಗೊತ್ತಾಗಿರುತ್ತದೆ.

ಸೋದರಮಾವನ ಮದುವೆ ಬಗ್ಗೆ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇಂಥ ಜೀನ್‌ಗಳ ಒಂದು ಪ್ರತಿ ಕೆಟ್ಟಿದ್ದರೆ ಏನೂ ಆಗುವುದಿಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದರೆ ಮಾತ್ರ ಕಾಯಿಲೆ. ರಕ್ತಸಂಬಂಧದಲ್ಲಿ ಆ ಸಾಧ್ಯತೆ ಜಾಸ್ತಿ. ಹುಟ್ಟಿನಿಂದ ಬರುವ ಈ ಬಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಎಎಸ್‌ಪಿಎಂ ಜೀನಿನ ದೋಷ. ನಿಮ್ಮ ಮಗನಿಗೆ ಯಾವುದು ಎಂದು ರಕ್ತ ಪರೀಕ್ಷೆ ಮಾಡಿ ನೋಡದೆ ಹೇಳಲಾಗದು. ಬಸಿರಿನಲ್ಲಿ ಆಗುವ ಸೋಂಕಿನಂಥ ಬೇರೆ ಕಾರಣಗಳೂ ಇವೆ. ಅದಕ್ಕೂ ತಪ್ಪು ಯಾರದ್ದೂ ಅಲ್ಲ. ಜೆನೆಟಿಕ್ ಕೌನ್ಸೆಲಿಂಗ್ ಇರುವ ಕಡೆ ಒಮ್ಮೆ ಹೋಗಿ ಬನ್ನಿ. ಮನೆಯಲ್ಲಿ ಮುಂದಿನವರ ಮದುವೆಗೂ ಅದು ಉಪಯೋಗಕ್ಕೆ ಬರುತ್ತದೆ.

ತುಂಗಾತೀರ

ಅಮ್ಮಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ದಿನಾ ಮುಟ್ಟುವ ಕೋಶಗಳೂ ಯಾರದ್ದೋ ಮಗುವಿನವು, ಯಾರೋ ಒಪ್ಪಿ ಕೊಟ್ಟವು. ಕೊಟ್ಟವರಿಗೆ ಅದರಿಂದ ಏನು ಮಾಡ್ತಿದ್ದೀವಿ ಅಂತ ಬಿಡಿಸಿ ಹೇಳಿ, ಒಪ್ಪಿಗೆ ಪಡೆದು, ಆಮೇಲೇ ಮುಟ್ಟಬೇಕು. ಬೆಂಗಳೂರಲ್ಲೂ ನಿಮ್ಹಾನ್ಸ್ ಆಸ್ಪತ್ರೆ, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಅನ್ನುವ ಸಂಶೋಧನಾ ಸಂಸ್ಥೆಗಳು ಸೇರಿ ಮಾನಸಿಕ ಕಾಯಿಲೆ ಇರುವ ಕುಟುಂಬಗಳ ರಕ್ತದಿಂದ ಇಂಥ ಕಾಂಡಕೋಶ, ಅಂದ್ರೆ ಯಮನಾಕಾ ದಾರಿಯ ಭ್ರೂಣದಂಥ ಕೋಶ, ಮಾಡುವ ಕೆಲಸ ನಡೆಸಿವೆ. ಅಲ್ಲೂ ಮೊದಲ ಕೊಡುಗೆ ಕುಟುಂಬದವರದ್ದೇ.

ದಾವಣಗೆರೆ ಮೇಷ್ಟ್ರು

ಎಲ್ಲರಿಗೂ ಕೈ ಮುಗಿದೆ. ಅಮ್ಮಾ, ನಿಮ್ಮ ಮಾತನ್ನು ನಾನು ಮರೆಯುವುದಿಲ್ಲ.

ನಿನ್ನೆ ಕ್ಲಾಸಿನಲ್ಲಿ ಹೀಗೆ ಮಾಡಿದೆ. ನಮ್ಮ ಕಡೆ ಮೆಕ್ಕೆಜೋಳಕ್ಕೆ ಬರವಿಲ್ಲ. ಒಂದು ಚೀಲ ತಂದೆ. ಎರಡು ಗುಂಪು ಮಾಡಿ ಇಬ್ಬರಿಗೂ ನಾಲ್ಕು ನಾಲ್ಕು ಕಾಳು ಕೊಟ್ಟೆ. ನಾನು ಮೇಜು ತಟ್ಟಿದಾಗಲೆಲ್ಲ ಕಾಳನ್ನು ಎರಡರಷ್ಟು ಮಾಡಬೇಕು. ಮೊದಲ ಗುಂಪನ್ನು ಐದು ತಟ್ಟಿಗೆ ನಿಲ್ಲಿಸಿದೆ, 128 ಕಾಳು. ಎರಡನೆಯದಕ್ಕೆ ಇನ್ನೆರಡು ತಟ್ಟು ಕೊಟ್ಟೆ, 512. ಬೆಂಚಿನ ಮೇಲೆ ಎರಡು ರಾಶಿ ಪಕ್ಕಪಕ್ಕ. ಯಾರೂ ಮಾತಾಡಲಿಲ್ಲ. ಆಮೇಲೆ ಆ ಹುಡುಗಿ, "ಸರ್, ಹೊಸ ಕಾಳು ಏನೂ ಹಾಕಲಿಲ್ಲ, ಬರೀ ತಡವಾಗಿ ನಿಲ್ಲಿಸಿದ್ರಿ" ಅಂದಳು. ಹೇಳಿದ್ದು ಸರಿಯಾ ಮೇಡಂ?

ತುಂಗಾತೀರ

ಮೇಷ್ಟ್ರೇ, ಇದನ್ನು ನಮ್ಮ ಲ್ಯಾಬಿನಲ್ಲೂ ಮಾಡಿ ತೋರಿಸ್ತೀನಿ! ಒಂದೇ ತಿದ್ದುಪಡಿ. ಎರಡು ದಿನ ಅಂದರೆ ಎರಡು ಸಲ ಒಡೆಯೋದು ಅಂತ ಅಲ್ಲ. ಎಲ್ಲ ಕೋಶಗಳೂ ಒಟ್ಟಿಗೆ ಒಡೆಯಲ್ಲ, ಕೆಲವು ಸಾಯುತ್ತವೆ. ಉಂಡೆಯ ವ್ಯತ್ಯಾಸ ಎರಡರಷ್ಟು, ನಿಮ್ಮ ಕಾಳಿನ ಹಾಗೆ ನಾಲ್ಕರಷ್ಟಲ್ಲ. "ಹೊಸದೇನೂ ಹಾಕಲಿಲ್ಲ" ಅನ್ನೋದಕ್ಕೂ ಒಂದು ಮಾತು ಸೇರಿಸಿ. ಜೆಬ್2 ವಿಷಯದಲ್ಲಿ ಅದು ನಿಜ, ಆದರೆ ಡಾಕ್ಟ್ರು ಹೇಳಿದ ನಾಚ್2ಎನ್‌ಎಲ್ ಹೊಸದೇ. ಅವಳಿಗೆ ಈ ಎರಡನ್ನೂ ಹೇಳಿ, ಅವಳು ತಡಕೊಳ್ಳೋ ಹುಡುಗಿ.

ಹಿಂದಿನ ಬೆಂಚು

ಮೇಡಂ, ನಮಸ್ತೆ. ಆ ಹುಡುಗಿ ನಾನೇ. ಸರ್ ಲಿಂಕ್ ಕೊಟ್ಟರು. ಒಂದು ಡೌಟು. ತಡ ಮಾಡೋದು ಮೊದಲ ವಾರಗಳಲ್ಲಿ ಮಾತ್ರಾನಾ? ನಮ್ಮ ಅಕ್ಕನ ಮಗು ಹುಟ್ಟಿ ಒಂದು ವರ್ಷ ಆದ್ಮೇಲೆ ನಡೀತು. ಕರು ಹುಟ್ಟಿದ ದಿನಾನೇ ಎದ್ದು ನಿಲ್ಲುತ್ತೆ. ಅದೂ ಇದೇನಾ?

ತುಂಗಾತೀರ

ಎಷ್ಟು ಚೆನ್ನಾಗಿ ಹಿಡಿದೆ ಪುಟ್ಟಿ! ಕರುವಿನ ಲೆಕ್ಕ ಸ್ವಲ್ಪ ಬೇರೆ, ಅದು ಹೊಟ್ಟೆಯಲ್ಲೇ ಸುಮಾರು ಬೆಳೆದು ಬರುತ್ತೆ. ಆದರೆ ನಿನ್ನ ಊಹೆ ಸರಿ ದಾರಿಯಲ್ಲಿದೆ.

ನರಕೋಶ ಹುಟ್ಟಿದ ಮೇಲೂ ಬಲಿಯಲು ನಮಗೆ ತುಂಬ ಹೊತ್ತು ಬೇಕು. 2019ರಲ್ಲಿ ಲೈಪ್ಸಿಗ್‌ನವರು ಮನುಷ್ಯ ಮತ್ತು ಚಿಂಪಾಂಜಿಯ ಆರ್ಗನಾಯ್ಡ್ ಪಕ್ಕಪಕ್ಕ ನೋಡಿ, ನಮ್ಮ ನರಕೋಶ ನಿಧಾನವಾಗಿ ಬಲಿಯುತ್ತವೆ ಅಂದರು. ಅದೇ ವರ್ಷ ವಾಂಡರ್‌ಹೇಗನ್ ತಂಡ ಮನುಷ್ಯರ ನರಕೋಶಗಳನ್ನು ಇಲಿಮರಿಯ ಮಿದುಳಲ್ಲಿ ನೆಟ್ಟಿತು. ಸುತ್ತ ಇಲಿಯ ಕೋಶಗಳು ಕೆಲವೇ ವಾರದಲ್ಲಿ ಬಲಿತವು. ಇವು ಮಾತ್ರ ತಿಂಗಳುಗಟ್ಟಲೆ ತಮ್ಮದೇ ಗತಿಯಲ್ಲಿ ಬೆಳೆದವು, ಯಾರ ಅವಸರಕ್ಕೂ ಬಗ್ಗಲಿಲ್ಲ. ಪಾಸ್ಕಾ ತಂಡ 2021ರಲ್ಲಿ ಕಂಡದ್ದು ಇನ್ನೂ ವಿಚಿತ್ರ. ತಟ್ಟೆಯಲ್ಲಿ ಸುಮ್ನೆ ಬಿಟ್ಟ ಆರ್ಗನಾಯ್ಡಿನಲ್ಲಿ 250ರಿಂದ 300 ದಿನದ ಹೊತ್ತಿಗೆ, ಮಗು ಹುಟ್ಟುವ ಸಮಯದಲ್ಲಿ ಆಗುವ ಜೀನ್ ಬದಲಾವಣೆಗಳು ಕಾಣಿಸಿಕೊಂಡವು. ತಾಯಿ ಇಲ್ಲ, ಹೆರಿಗೆ ಇಲ್ಲ, ಆದರೂ ಒಂಬತ್ತು ತಿಂಗಳ ಲೆಕ್ಕ ತಪ್ಪಲಿಲ್ಲ. ಆ ಗಡಿಯಾರ ಕೋಶದೊಳಗೇ ಇದೆ.

ಅದು ಎಲ್ಲಿದೆ ಅಂತ ಹುಡುಕುವವರಿಗೆ 2023ರಲ್ಲಿ ಒಂದು ಸುಳಿವು ಸಿಕ್ಕಿತು. ನಮ್ಮ ನರಕೋಶದ ಮೈಟೊಕಾಂಡ್ರಿಯಾ, ಅಂದ್ರೆ ಕೋಶದೊಳಗೆ ಶಕ್ತಿ ಮಾಡುವ ಘಟಕಗಳು, ನಿಧಾನವಾಗಿ ಶಕ್ತಿ ತುಂಬಿಕೊಳ್ಳುತ್ತವೆ. ಅವನ್ನು ಚುರುಕು ಮಾಡಿದರೆ ಕೋಶವೂ ಬೇಗ ಬಲಿಯುತ್ತೆ. ನಾನು ಈಗ ಅದನ್ನೇ ನೋಡ್ತಿದ್ದೀನಿ.

ಬೆಂಗಳೂರಿಗೆ ಹೋದಾಗ ಸರ್ ಜತೆ ನಿಮ್ಹಾನ್ಸ್‌ನ ಮಿದುಳಿನ ಮ್ಯೂಸಿಯಂಗೆ ಹೋಗಿ ಬಾ. ಅಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಲು ಬಿಡ್ತಾರೆ. ನಾನೂ ನಿನ್ನ ವಯಸ್ಸಲ್ಲಿ ಹಿಡಿದಿದ್ದೆ, ಅಂದುಕೊಂಡದ್ದಕ್ಕಿಂತ ಭಾರ ಇತ್ತು. ಹಿಡಿದ ಮೇಲೆ ನಿನಗೆ ಏನನ್ನಿಸಿತು ಅಂತ ಇಲ್ಲೇ ಬರಿ. ಇವತ್ತು ಕಟ್ಟಿದ ಬ್ಯಾಚ್ ಅಷ್ಟೊತ್ತಿಗೆ ಹೆಸರುಕಾಳಿನಷ್ಟು ಆಗಿರುತ್ತೆ, ನಾನೂ ಫೋಟೋ ಹಾಕ್ತೀನಿ.

ಅಮ್ಮ, ಚಿಕ್ಕಬಳ್ಳಾಪುರ

ಡಾಕ್ಟರ್ ಬರೆದಿದ್ದನ್ನು ನಿನ್ನೆ ರಾತ್ರಿ ನಮ್ಮತ್ತೆಗೆ ಜೋರಾಗಿ ಓದಿ ಹೇಳಿದೆ. ತಟ್ಟೆಯಲ್ಲಿ ತಾಯಿಯೇ ಇಲ್ಲ ಅನ್ನುವ ಸಾಲನ್ನು ಇನ್ನೊಂದು ಸಲ ಓದು ಅಂದರು. ಓದಿದೆ. ಸೋಮವಾರ ರಕ್ತ ಪರೀಕ್ಷೆಗೆ ಹೋಗ್ತಿದ್ದೀವಿ, ಅವರೂ ಬರ್ತಾರಂತೆ.